ಎರಡು ಭೇಟಿಗಳ ನಡುವೆ

ಹಳಗನ್ನಡ ಕಾವ್ಯವನ್ನು ಪಾಠಮಾಡುವವನಿಗೆ ತರಗತಿಯಲ್ಲಿ ಮತ್ತೆ ಮತ್ತೆ ಎದುರಾಗುವ ಧಾತುಗಳಲ್ಲಿ 'ಕಾಯ್' ಎಂಬುದೂ ಒಂದು. ಅರಸನು ನಾಡನ್ನು ಕಾಯುತ್ತಾನೆ; ಗೋವಳನು ತುರುಗಳನ್ನು ಕಾಯುತ್ತಾನೆ; ಕಾಪು, ಕಾವಲು, ಕಾವಲುಗಾರ ಎಂಬ ಶಬ್ದಗಳೆಲ್ಲ ಆ ಒಂದೇ ಬೇರಿನಿಂದ ಚಿಗುರಿದವು. ಅದೇ ಶಬ್ದಕ್ಕೆ ನಮ್ಮ ದಿನಬಳಕೆಯಲ್ಲಿ ಇನ್ನೊಂದು ಅರ್ಥವೂ ಉಂಟು. ಬಸ್ಸಿಗಾಗಿ ಕಾಯುತ್ತೇವೆ, ಫಲಿತಾಂಶಕ್ಕಾಗಿ ಕಾಯುತ್ತೇವೆ, ಆಸ್ಪತ್ರೆಯ ಪಡಸಾಲೆಯಲ್ಲಿ ವೈದ್ಯರಿಗಾಗಿ ಕಾಯುತ್ತೇವೆ. ಮೊದಲನೆಯದು ರಕ್ಷಿಸುವುದು, ಎರಡನೆಯದು ನಿರೀಕ್ಷಿಸುವುದು. ಈ ಎರಡು ಅರ್ಥಗಳನ್ನು ಹಲವು ವರ್ಷ ಕಪ್ಪುಹಲಗೆಯ ಮೇಲೆ ಬೇರೆ ಬೇರೆಯಾಗಿ ಬರೆದು ವಿವರಿಸುತ್ತ ಬಂದಿದ್ದೆ. ಅವೆರಡೂ ಒಂದೇ ಕೆಲಸದ ಎರಡು ಮುಖಗಳಾಗಬಲ್ಲವೆಂಬುದನ್ನೂ, ಹಾಗಾಗುವುದು ತಾನಾಗಿ ನಡೆಯುವ ಸಂಗತಿಯಲ್ಲವೆಂಬುದನ್ನೂ ನನಗೆ ಕಲಿಸಿದ್ದು ಯಾವ ನಿಘಂಟೂ ಅಲ್ಲ; 2019ನೆಯ ಇಸವಿಯ ಮಾರ್ಚ್ ತಿಂಗಳ ಒಂದು ಶನಿವಾರ ಮತ್ತು ಅದರ ಮರುದಿನದ ಭಾನುವಾರ.

ನಮ್ಮದು ಒಂದು ಜಿಲ್ಲಾ ಕೇಂದ್ರದ ಪದವಿ ಕಾಲೇಜು. ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವ ವಿದ್ಯಾರ್ಥಿಗಳೇ ಹೆಚ್ಚು. ಅವರಲ್ಲೊಬ್ಬ, ಬಿ.ಎ. ಎರಡನೆಯ ವರ್ಷದವನು, ನನ್ನಿಂದ ಆಗಾಗ ಪುಸ್ತಕಗಳನ್ನು ಎರವಲು ಪಡೆಯುತ್ತಿದ್ದ. ಅವನ ಗುರುತು ಸಿಕ್ಕದಂತೆ ಕೆಲವು ವಿವರಗಳನ್ನು ಮರೆಸಿದ್ದೇನೆ. ಅವನ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆ ಶನಿವಾರ ಮಧ್ಯಾಹ್ನ ಕೊನೆಯ ಪಾಠ ಮುಗಿದ ಮೇಲೆ ಅವನು ಅಧ್ಯಾಪಕರ ಕೊಠಡಿಗೆ ಬಂದು ಮೂರು ಪುಸ್ತಕಗಳನ್ನು ಮೇಜಿನ ಮೇಲಿಟ್ಟ. ಒಂದು ದಪ್ಪ ಕಾದಂಬರಿಯ ನಡುವೆ ಗುರುತಿಗಾಗಿ ಇಟ್ಟಿದ್ದ ಬಸ್ಸಿನ ಟಿಕೆಟ್ಟು ಹಾಗೆಯೇ ಇತ್ತು.

"ಇದನ್ನಿನ್ನೂ ಓದಿ ಮುಗಿಸಿಲ್ಲವಲ್ಲಪ್ಪ, ಇಟ್ಟುಕೊ" ಎಂದೆ.

"ಬೇಡ ಸರ್, ಇನ್ನು ಬೇಕಾಗಲ್ಲ."

"ಪರೀಕ್ಷೆ ಮುಗಿದ ಮೇಲೆ ಓದಿದರಾಯಿತು."

"ಅಲ್ಲೀತನಕ ನಾನಿದ್ದರೆ ತಾನೆ ಸರ್" ಎಂದು ನಕ್ಕ.

ಆ ನಗೆಯನ್ನು ಕಂಡು ನನ್ನ ಎದೆ ಒಮ್ಮೆ ಝಲ್ಲೆಂದಿತು. ಆದರೆ ನಾನು ಆಡಿದ ಮಾತು, ಲೋಕದಲ್ಲಿ ಎಲ್ಲ ಹಿರಿಯರೂ ಆಡುವ ಮಾತೇ: "ಹಾಗೆಲ್ಲ ಮಾತಾಡಬಾರದು. ಸೋಮವಾರ ಬಾ, ಕೂತು ಮಾತಾಡೋಣ." ಅವನು ತಲೆಯಾಡಿಸಿ ಹೊರಟುಹೋದ. ಕಿಟಕಿಯಿಂದ ನೋಡುತ್ತಿದ್ದ ಹಾಗೆ ಮೈದಾನವನ್ನು ದಾಟಿ ಬಸ್ ನಿಲ್ದಾಣದ ಕಡೆಗೆ ಮರೆಯಾದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ಅವನ ತಲೆಗೆ ಹಾಕಿದಂತಾದೀತೆಂಬ ಭಯ. ಮನೆಗೆ ತಿಳಿಸಿದರೆ ತಂದೆ ಗದರಿಯಾರೆಂಬ ಭಯ. ಪ್ರಾಂಶುಪಾಲರಿಗೆ ಹೇಳಿದರೆ ಸುದ್ದಿ ಕಾಲೇಜಿಗೆಲ್ಲ ಹಬ್ಬೀತೆಂಬ ಭಯ. ಕೊನೆಗೆ, ಅವನು ತಮಾಷೆಗೆ ಆಡಿದ ಮಾತಾಗಿದ್ದರೆ ನಾನು ನಗೆಪಾಟಲಾಗುವೆನೆಂಬ ಭಯ. ಈ ಎಲ್ಲ ಭಯಗಳಿಗೂ 'ವಿವೇಕ' ಎಂಬ ಗೌರವದ ಹೆಸರನ್ನಿಟ್ಟು ಮಗ್ಗುಲು ಬದಲಾಯಿಸುತ್ತ ಬೆಳಗು ಮಾಡಿದೆ. ನಾನು ಕಾಯುತ್ತಿದ್ದೆನೆಂಬುದು ನಿಜ. ಆದರೆ ಆ ಕಾಯುವಿಕೆಯಿಂದ ಯಾರಿಗೂ ಕಾಪಿರಲಿಲ್ಲ.

ಭಾನುವಾರ ಬೆಳಗ್ಗೆ ನನ್ನ ಚಿಕ್ಕಪ್ಪನ ಮಗಳಿಗೆ ಫೋನು ಮಾಡಿದೆ. ಅವಳು ಬೆಂಗಳೂರಿನಲ್ಲಿ ಮನೋಚಿಕಿತ್ಸಕಿ, ನಿಮ್ಹಾನ್ಸ್‌ನಲ್ಲಿ ಕಲಿತವಳು. ನನ್ನ ದೀರ್ಘವಾದ ಪೀಠಿಕೆಯನ್ನು ಅರ್ಧಕ್ಕೇ ನಿಲ್ಲಿಸಿ ಅವಳು ಮೂರು ಪ್ರಶ್ನೆಗಳನ್ನು ಕೇಳಿದಳು.

"ಅಣ್ಣಾ, ಸಾಯಬೇಕು ಅನ್ನಿಸುತ್ತಿದೆಯಾ ಅಂತ ಅವನನ್ನು ನೇರವಾಗಿ ಕೇಳಿದೆಯಾ?"

"ಇಲ್ಲ."

"ಈಗ ಅವನ ಜೊತೆ ಯಾರಿದ್ದಾರೆ?"

"ಗೊತ್ತಿಲ್ಲ."

"ಸೋಮವಾರದ ಒಳಗೆ ಸಂಕಟ ಹೆಚ್ಚಾದರೆ ಯಾರನ್ನು ಕರೆಯಬೇಕು ಅಂತ ಅವನಿಗೆ ಗೊತ್ತಿದೆಯಾ?"

ನಾನು ಉತ್ತರ ಕೊಡಲಿಲ್ಲ. "ಹಾಗಿದ್ದರೆ ನನ್ನ ಜೊತೆ ಮಾತಾಡಬೇಡ. ಈಗಲೇ ಅವನಿಗೆ ಮಾಡು. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಇದ್ದ ಯೋಚನೆ ಹೊರಗೆ ಬರುತ್ತದೆ. ಆಮೇಲೆ ನನಗೆ ತಿಳಿಸು" ಎಂದು ಇಟ್ಟುಬಿಟ್ಟಳು.

ಮೂರನೆಯ ಸಲಕ್ಕೆ ಅವನು ಫೋನು ಎತ್ತಿದ. ನಾಲಗೆ ಒಣಗುತ್ತಿದ್ದರೂ ಅವಳು ಹೇಳಿಕೊಟ್ಟ ಪ್ರಶ್ನೆಯನ್ನು ಹಾಗೆಯೇ ಕೇಳಿದೆ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ "ಹೌದು ಸರ್" ಎಂದ, ಎಂದವನು ಅಳತೊಡಗಿದ. ಮುಕ್ಕಾಲು ಗಂಟೆ ಮಾತಾಡಿದೆವು. ಹೆಚ್ಚಾಗಿ ಅವನೇ ಮಾತಾಡಿದ. ಕೊನೆಗೆ, ಮನೆಯಲ್ಲಿ ಯಾರಿಗೆ ಹೇಳಬಹುದೆಂದು ಅವನನ್ನೇ ಕೇಳಿದೆ. ಅಕ್ಕನಿಗೆ ಹೇಳಬಹುದೆಂದು ಅವನೇ ಅವಳ ಕೈಗೆ ಫೋನನ್ನು ಕೊಟ್ಟ. ಆ ಹೆಣ್ಣುಮಗಳು "ರಾತ್ರಿ ಅವನ ಜೊತೆಗೇ ಇರ್ತೀನಿ ಮೇಷ್ಟ್ರೇ" ಎಂದಳು. ಹೊಲಮನೆಯಲ್ಲಿ ಅಪಾಯಕ್ಕೆ ಆಸ್ಪದವಾಗುವಂಥದೇನಿದೆಯೋ ಅದನ್ನೆಲ್ಲ ಬೀಗದೊಳಗೆ ಇಡುವುದಾಗಿ ಹೇಳಿದಳು. ಸೋಮವಾರ ಅವರಿಬ್ಬರನ್ನೂ ನಾನೂ ನನ್ನೊಬ್ಬ ಸಹೋದ್ಯೋಗಿಯೂ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅಲ್ಲಿಂದ ಮುಂದೆ ಹಲವು ತಿಂಗಳು ಅವನು ವಾರಕ್ಕೊಮ್ಮೆ ಅಲ್ಲಿಯ ಆಪ್ತಸಮಾಲೋಚಕರನ್ನು ಕಾಣುತ್ತಿದ್ದ.

ನನ್ನ ಪಾಲಿಗೆ ಇಂಥ ರಾತ್ರಿ ಒಂದೇ. ಆದರೆ ಇದನ್ನೇ ವೃತ್ತಿಯಾಗಿ ಹಿಡಿದವರ ಗತಿಯೇನು? ಆ ವರ್ಷದ ದೀಪಾವಳಿಗೆ ಊರಿಗೆ ಬಂದಿದ್ದ ತಂಗಿಯನ್ನು ಜಗುಲಿಯ ಮೇಲೆ ಕೂತು ಕೇಳಿದೆ: "ನಿನ್ನ ಹತ್ತಿರ ಇಂಥವರು ವಾರಕ್ಕೆ ಎಷ್ಟೋ ಜನ ಬರುತ್ತಾರಲ್ಲ. ಅವರು ಬಾಗಿಲು ದಾಟಿ ಹೋದ ಮೇಲೆ ನಿನಗೆ ನಿದ್ದೆ ಹೇಗೆ ಬರುತ್ತದೆ?"

ಅವಳು ಒಂದು ಲೆಕ್ಕ ಹೇಳಿದಳು. ವಾರಕ್ಕೆ 168 ಗಂಟೆ. ಚಿಕಿತ್ಸಕನ ಎದುರಿಗೆ ಬಂದವರು ಕೂರುವುದು ಅದರಲ್ಲಿ ಒಂದು ಗಂಟೆ. ಮಿಕ್ಕ 167 ಗಂಟೆ ಅವರು ತಮ್ಮ ಮನೆಯಲ್ಲಿ, ತಮ್ಮ ಹಾದಿಬೀದಿಯಲ್ಲಿ, ತಮ್ಮ ರಾತ್ರಿಗಳಲ್ಲಿ ಇರುತ್ತಾರೆ. "ಆ 167 ಗಂಟೆಯನ್ನೂ ನಾನು ತಲೆಯಲ್ಲಿ ಹೊತ್ತುಕೊಂಡರೆ ಒಂದು ತಿಂಗಳಲ್ಲಿ ನಾನೇ ರೋಗಿಯಾಗುತ್ತೇನೆ. ಹೊರದೆ ಕೈತೊಳೆದುಕೊಂಡರೆ ನಾನು ಚಿಕಿತ್ಸಕಿಯೇ ಅಲ್ಲ. ಈ ಎರಡರ ನಡುವೆ ಒಂದು ದಾರಿಯುಂಟು, ನಮಗೆ ಮುಖ್ಯವಾಗಿ ಕಲಿಸುವುದು ಅದನ್ನೇ" ಎಂದಳು. ಆ ದಾರಿ ಯಾವುದೆಂಬುದನ್ನು ಅವಳ ಮಾತಿನಿಂದಲೂ, ಅನಂತರ ನಾನೇ ಹುಡುಕಿ ಓದಿದ್ದರಿಂದಲೂ ತಿಳಿದಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ಮೊದಲು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಯಾರು ಯಾವಾಗ ಪ್ರಾಣಕ್ಕೆರವಾಗುತ್ತಾರೆಂಬುದನ್ನು ಮುಂದಾಗಿ ಹೇಳಬಲ್ಲ ವಿದ್ಯೆ ಇಲ್ಲ. ಅಮೆರಿಕದ ಹ್ಯೂಸ್ಟನ್ ನಗರದ ಮನೋವೈದ್ಯ ಅಲೆಕ್ಸ್ ಪೊಕೊರ್ನಿ ಎಂಬವರು ಮಾಜಿ ಸೈನಿಕರ ಆಸ್ಪತ್ರೆಗೆ ಸೇರಿದ 4,800 ಮಂದಿಯನ್ನು ಬಗೆಬಗೆಯಾಗಿ ಪರೀಕ್ಷಿಸಿ, ಹಲವು ವರ್ಷ ಅವರ ಬೆನ್ನಹಿಂದೆ ಬಿದ್ದು ವಿಚಾರಿಸಿದರು. ಅವರಲ್ಲಿ 67 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಆ 67 ಮಂದಿಯನ್ನು ಮೊದಲೇ ಬೇರ್ಪಡಿಸಿ ತೋರಿಸಬಲ್ಲ ಅಳತೆಗೋಲು ಯಾವುದೂ ಸಿಗಲಿಲ್ಲವೆಂದು 1983ರಲ್ಲಿ ಅವರು ಪ್ರಾಮಾಣಿಕವಾಗಿ ಬರೆದರು. 2017ರಲ್ಲಿ ಬೇರೆ ವಿದ್ವಾಂಸರು ಅರ್ಧ ಶತಮಾನದ 365 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಈ ಭವಿಷ್ಯಜ್ಞಾನ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಅಷ್ಟೇನೂ ಮೇಲಲ್ಲವೆಂದು ಕಂಡುಬಂತು. ಇದು ಎದೆಗುಂದಿಸುವ ಸಂಗತಿಯೆಂದು ನಾನು ಮೊದಲು ತಿಳಿದೆ. ತಂಗಿ ಬೇರೆ ರೀತಿಯಲ್ಲಿ ನೋಡುತ್ತಾಳೆ. ಜ್ಯೋತಿಷ ನಮ್ಮ ಕೆಲಸವಲ್ಲ. ಆದ್ದರಿಂದ 'ಅವನು ಹೋಗಿಬಿಡುವನೋ ಏನೋ' ಎಂದು ರಾತ್ರಿಯೆಲ್ಲ ಎಣಿಸುವುದೂ ನಮ್ಮ ಕೆಲಸವಲ್ಲ. 'ಸಂಕಟ ಬಂದರೆ ಅವನ ಕೈಗೆ ಏನು ಸಿಗುತ್ತದೆ' ಎಂಬುದನ್ನು ಅವನು ಎದುರಿಗಿರುವಾಗಲೇ ನೋಡಿಕೊಳ್ಳುವುದು ಮಾತ್ರ ನಮ್ಮ ಕೆಲಸ.

ಹಿಂದೆ ಇದಕ್ಕೆ ಒಂದು ಉಪಾಯ ರೂಢಿಯಲ್ಲಿತ್ತು. 1970ರ ದಶಕದಿಂದ ಮುಂದೆ ಪಾಶ್ಚಾತ್ಯ ಚಿಕಿತ್ಸಕರಲ್ಲಿ ಅನೇಕರು, ಮುಂದಿನ ಭೇಟಿಯವರೆಗೆ ಪ್ರಾಣಕ್ಕೆ ಅಪಾಯ ಮಾಡಿಕೊಳ್ಳುವುದಿಲ್ಲವೆಂದು ಬಂದವರಿಂದ ಮಾತು ತೆಗೆದುಕೊಳ್ಳುತ್ತಿದ್ದರು. ಕೆಲವರು ಕಾಗದದ ಮೇಲೆ ರುಜು ಹಾಕಿಸಿಕೊಳ್ಳುತ್ತಿದ್ದುದೂ ಉಂಟು. ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಕೊಟ್ಟ ಭಾಷೆಯಲ್ಲಿ ಅಪಾರವಾದ ನಂಬಿಕೆ. ಈ ಉಪಾಯ ನಮ್ಮ ಮನಸ್ಸಿಗೆ ತಟ್ಟನೆ ಹಿಡಿಸುತ್ತದೆ. ಆದರೆ ಹೀಗೆ ಪಡೆದ ಭಾಷೆ ಪ್ರಾಣವನ್ನು ಉಳಿಸುತ್ತದೆಂಬುದಕ್ಕೆ ಆಧಾರವೇನೂ ದೊರೆಯಲಿಲ್ಲ. ಅಷ್ಟೇ ಅಲ್ಲ, ಮಾತು ಕೊಟ್ಟವನು ಮರುವಾರ ತನ್ನ ಯೋಚನೆ ಮರುಕಳಿಸಿತೆಂದು ಹೇಳಲು ನಾಚುತ್ತಾನೆ; ಕೊಟ್ಟ ಭಾಷೆ ಅವನ ಬಾಯನ್ನೇ ಕಟ್ಟುತ್ತದೆ. ಆ ಭಾಷೆಯಿಂದ ನಿದ್ದೆ ಬರುತ್ತಿದ್ದುದು ಚಿಕಿತ್ಸಕನಿಗೆ ಮಾತ್ರ. 'ಹಾಗೆಲ್ಲ ಮಾತಾಡಬಾರದು' ಎಂದು ನಾನು ಅಂದು ಹೇಳಿದೆನಲ್ಲ, ಅದೂ ಇದೇ ಜಾತಿಯದು: ಅವನ ಭಾರವನ್ನಿಳಿಸುವ ಬದಲು ನನ್ನ ಭಾರವನ್ನಿಳಿಸಿಕೊಳ್ಳುವ ಮಾತು.

ಭಾಷೆಯ ಸ್ಥಾನಕ್ಕೆ ಈಗ ಬಂದಿರುವುದು ಸುರಕ್ಷಾ ಯೋಜನೆ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ರೂಪಿಸಿದರು. ಒಂದು ಹಾಳೆಯಲ್ಲಿ ಆರು ಮೆಟ್ಟಿಲು. ಸಂಕಟ ಏರತೊಡಗಿತೆಂಬುದಕ್ಕೆ ನನ್ನಲ್ಲಿ ಕಾಣುವ ಮುನ್ಸೂಚನೆ ಏನು? ಆಗ ನಾನೊಬ್ಬನೇ ಮಾಡಬಹುದಾದುದೇನು? ಮನಸ್ಸು ಬೇರೆಡೆಗೆ ಹೊರಳಬೇಕಾದರೆ ಎಲ್ಲಿಗೆ ಹೋಗಲಿ, ಯಾರ ಜೊತೆ ಕೂರಲಿ? ಬಾಯಿಬಿಟ್ಟು ಸಹಾಯ ಕೇಳಬಹುದಾದವರು ಯಾರು? ವೈದ್ಯರಲ್ಲಿ, ಚಿಕಿತ್ಸಕರಲ್ಲಿ ಯಾರನ್ನು ಕರೆಯಲಿ? ಸುತ್ತಲಿನ ಅಪಾಯದ ವಸ್ತುಗಳನ್ನು ದೂರ ಇಡುವುದು ಹೇಗೆ? ಈ ಆರಕ್ಕೂ ಉತ್ತರವನ್ನು ಚಿಕಿತ್ಸಕಿ ತುಂಬಿಸಿ ಕೊಡುವುದಿಲ್ಲ. ಬಂದವರೇ ತಮ್ಮ ಮಾತಿನಲ್ಲಿ ಬರೆಯುತ್ತಾರೆ. 'ಸಂಗೀತ ಕೇಳುವುದು' ಎಂದು ಬರೆದವರನ್ನು ತಂಗಿ ಬಿಡುವುದಿಲ್ಲವಂತೆ. ಯಾವ ಹಾಡು, ಯಾವುದರಲ್ಲಿ ಕೇಳುತ್ತೀರಿ, ರಾತ್ರಿ ಎರಡು ಗಂಟೆಗೆ ಮನೆಯವರು ಮಲಗಿರುವಾಗ ಅದು ಸಾಧ್ಯವೆ ಎಂದು ಕೇಳುತ್ತಾಳೆ. ಹಾಳೆಯ ಮೇಲೆ ಚೆನ್ನಾಗಿ ಕಾಣುವುದು ಮುಖ್ಯವಲ್ಲ, ಆ ಹೊತ್ತಿನಲ್ಲಿ ಕೈಗೆಟುಕುವುದು ಮುಖ್ಯ.

ಕಾಗದದ ಒಂದು ಹಾಳೆಗೆ ಅಷ್ಟು ಬಲವುಂಟೆ ಎಂದು ನನ್ನ ಹಾಗೆಯೇ ವಾಚಕರೂ ಸಂಶಯಪಡಬಹುದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬಂದಿದ್ದ 1,640 ಮಂದಿಯನ್ನು ಕುರಿತ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೆಲವು ಆಸ್ಪತ್ರೆಗಳಲ್ಲಿ ಈ ಹಾಳೆಯನ್ನು ಬರೆಸಿ, ಮನೆಗೆ ಹೋದ ಮೂರು ದಿನದೊಳಗೆ ಮೊದಲ್ಗೊಂಡು ಫೋನಿನಲ್ಲಿ ವಿಚಾರಿಸಿಕೊಂಡರು; ಮಿಕ್ಕವುಗಳಲ್ಲಿ ಎಂದಿನ ಉಪಚಾರ ಮಾತ್ರ ನಡೆಯಿತು. ಆರು ತಿಂಗಳ ಅವಧಿಯಲ್ಲಿ ಮೊದಲನೆಯ ಗುಂಪಿನಲ್ಲಿ ಆತ್ಮಹತ್ಯೆಯ ಕಡೆಗಿನ ನಡವಳಿಕೆ ಶೇಕಡ 45ರಷ್ಟು ಕಡಿಮೆಯಾಗಿತ್ತು. ಹಾಳೆ ಎಷ್ಟು ಮುಖ್ಯವೋ, ಅದರ ಬೆನ್ನಿಗೆ ಬಂದ ಫೋನಿನ ಕರೆಯೂ ಅಷ್ಟೇ ಮುಖ್ಯವಾಗಿತ್ತೆಂಬುದನ್ನು ಮರೆಯಬಾರದು.

ಹೀಗೆ ಬೆನ್ನಿಗೆ ನಿಲ್ಲುವ ಪದ್ಧತಿಗೆ ಒಂದು ಹಳೆಯ ಕಥೆಯಿದೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಅದು ಮಿಕ್ಕೆಲ್ಲಕ್ಕಿಂತ ಪ್ರಿಯವಾದದ್ದು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಜೆರೋಮ್ ಮೋಟೊ ಎಂಬ ಮನೋವೈದ್ಯರು 1969ರಲ್ಲಿ ಒಂದು ಪ್ರಯೋಗವನ್ನು ಮೊದಲುಮಾಡಿದರು. ಮನಸ್ಸು ಕುಸಿದು ಆಸ್ಪತ್ರೆ ಸೇರಿ, ಹೊರಬಂದ ಮೇಲೆ ಮುಂದಿನ ಚಿಕಿತ್ಸೆಯನ್ನು ಬೇಡವೆಂದ ಅಥವಾ ನಡುವೆಯೇ ಬಿಟ್ಟ 843 ಮಂದಿಯನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಆಗಾಗ ಒಂದೊಂದು ಚಿಕ್ಕ ಕಾಗದ ಬರೆದರು. ಮೊದಲ ನಾಲ್ಕು ತಿಂಗಳು ತಿಂಗಳಿಗೊಂದು, ಆಮೇಲೆ ಎಂಟು ತಿಂಗಳು ಎರಡು ತಿಂಗಳಿಗೊಂದು, ಆಮೇಲೆ ನಾಲ್ಕು ವರ್ಷ ಮೂರು ತಿಂಗಳಿಗೊಂದು; ಐದು ವರ್ಷದಲ್ಲಿ ಒಟ್ಟು 24 ಕಾಗದ. ಅವುಗಳಲ್ಲಿ ಉಪದೇಶವಿಲ್ಲ, ಪ್ರಶ್ನಾವಳಿಯಿಲ್ಲ, 'ಚಿಕಿತ್ಸೆಗೆ ಬನ್ನಿ' ಎಂಬ ಒತ್ತಾಯವಿಲ್ಲ. ನಿಮ್ಮ ನೆನಪಿದೆ, ಚೆನ್ನಾಗಿರುವಿರೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬ ಅರ್ಥದ ಎರಡು ಸಾಲು, ಅಷ್ಟೆ. ಇನ್ನೊಂದು ಪಾಲಿನವರಿಗೆ ಕಾಗದವಿಲ್ಲ. ಕಾಗದ ತಲುಪುತ್ತಿದ್ದವರಲ್ಲಿ ಆತ್ಮಹತ್ಯೆ ಕಡಿಮೆಯಾಗಿತ್ತು. ಮೊದಲ ಎರಡು ವರ್ಷಗಳಲ್ಲಿ ಆ ಅಂತರ ಸ್ಪಷ್ಟವಾಗಿತ್ತು. ಅಂಚೆಯ ಕಾಗದವೊಂದು ಔಷಧಿಯ ಕೆಲಸ ಮಾಡಿತೆಂಬುದನ್ನು ಓದಿದಾಗ, ಊರಿನಿಂದ ಬರುತ್ತಿದ್ದ ಕಾರ್ಡಿಗಾಗಿ ವಿದ್ಯಾರ್ಥಿನಿಲಯದ ಬಾಗಿಲಲ್ಲಿ ನಿಲ್ಲುತ್ತಿದ್ದ ನನ್ನ ದಿನಗಳು ನೆನಪಾದುವು.

ಅದು ಶ್ರೀಮಂತ ದೇಶದ ಮಾತಾಯಿತು, ನಮ್ಮಂಥ ಕಡೆ ನಡೆದೀತೆ ಎಂದರೆ ಅದಕ್ಕೂ ಉತ್ತರವುಂಟು. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಬ್ರೆಜಿಲ್, ಭಾರತ, ಶ್ರೀಲಂಕಾ, ಇರಾನ್, ಚೀನಾಗಳಲ್ಲಿ ನಡೆದ ಒಂದು ಪ್ರಯೋಗದ ಫಲ 2008ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಅದು ನಡೆದದ್ದು ಚೆನ್ನೈಯಲ್ಲಿ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ 1,867 ಮಂದಿಯಲ್ಲಿ ಕೆಲವರಿಗೆ ಎಂದಿನ ಉಪಚಾರ. ಉಳಿದವರಿಗೆ ಅದರ ಜೊತೆಗೆ ಒಂದು ಗಂಟೆಯ ಮಾತುಕತೆ ಮತ್ತು ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನಿನ ಮೂಲಕವೋ ಮನೆಗೆ ಹೋಗಿಯೋ ವಿಚಾರಿಸಿಕೊಳ್ಳುವುದು. ಒಂದೂವರೆ ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಶೇಕಡ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರೆ, ಎರಡನೆಯ ಗುಂಪಿನಲ್ಲಿ ಆ ಪ್ರಮಾಣ ಶೇಕಡ 0.2 ಮಾತ್ರ. ಹೇಗಿದ್ದೀರಿ ಎಂಬ ಪ್ರಶ್ನೆಯನ್ನು ನಾವು ದಿನಕ್ಕೆ ಹತ್ತು ಸಲ ಉತ್ತರಕ್ಕೆ ನಿಲ್ಲದೆ ಕೇಳುತ್ತೇವೆ. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ, ಉತ್ತರಕ್ಕಾಗಿ ನಿಂತು ಕೇಳಿದರೆ ಅದೇ ಪ್ರಶ್ನೆ ಎಷ್ಟು ದೂರ ಹೋಗುತ್ತದೆ ನೋಡಿ.

ಹಾಗಾದರೆ ಚಿಕಿತ್ಸಕಿ ಹಗಲಿರುಳೂ ಫೋನಿಗೆ ಕಿವಿಕೊಟ್ಟು ಕೂರಬೇಕೆ? ಇಲ್ಲಿಯೇ ಕಷ್ಟದ ಮಾತು ಬರುವುದು. ವೃತ್ತಿಯ ಮೊದಲ ವರ್ಷ ತಂಗಿ ಫೋನನ್ನು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದಳಂತೆ. ಅದು ದಯೆಯೆಂದು ಅವಳು ಭಾವಿಸಿದ್ದಳು. ಅವಳ ಮೇಲ್ವಿಚಾರಕರು ಅದನ್ನು ಬಿಡಿಸಿದರು. ಯಾವ ಹೊತ್ತಿನಲ್ಲಿ ತಾನು ಸಿಗುವೆ, ಯಾವ ಹೊತ್ತಿನಲ್ಲಿ ಸಿಗಲಾರೆ, ಸಿಗದಾಗ ಯಾರು ಸಿಗುತ್ತಾರೆ ಎಂಬುದನ್ನು ಮೊದಲ ಭೇಟಿಯಲ್ಲೇ ಬಿಚ್ಚಿ ಹೇಳಬೇಕು. ಎಲ್ಲ ಹೊತ್ತಿನಲ್ಲೂ ಸಿಗುವೆನೆಂದು ಆಸೆ ಹುಟ್ಟಿಸಿ ಒಂದು ರಾತ್ರಿ ಸಿಗದೆ ಹೋಗುವುದು, ಮೊದಲೇ ಮಿತಿ ಹೇಳುವುದಕ್ಕಿಂತ ಘೋರ. ಸಿಯಾಟಲ್ ನಗರದ ಮಾರ್ಷಾ ಲೈನ್‌ಹ್ಯಾನ್, ತಮ್ಮನ್ನು ತಾವು ಮತ್ತೆ ಮತ್ತೆ ಗಾಯಗೊಳಿಸಿಕೊಳ್ಳುವವರಿಗಾಗಿ ರೂಪಿಸಿ 1993ರಲ್ಲಿ ಗ್ರಂಥರೂಪದಲ್ಲಿ ಹೊರತಂದ ಚಿಕಿತ್ಸೆಯಲ್ಲಿ, ಭೇಟಿಗಳ ನಡುವಣ ಫೋನು ಚಿಕಿತ್ಸೆಯ ಒಂದು ಅಂಗವೇ ಆಗಿದೆ. ಆದರೆ ಆ ಕರೆ ಚಿಕ್ಕದು. ಕಷ್ಟದ ಆ ಗಳಿಗೆಯನ್ನು ದಾಟಲು ಕಲಿತ ಉಪಾಯಗಳಲ್ಲಿ ಯಾವುದನ್ನು ಈಗ ಬಳಸಬೇಕೆಂದು ಕೇಳುವುದಕ್ಕೆ ಮಾತ್ರ. ಗಾಯವಾಗುವುದಕ್ಕೆ ಮುಂಚೆ ಕರೆಯಬೇಕು, ಆದ ಮೇಲಲ್ಲ ಎಂಬುದು ಅಲ್ಲಿಯ ಕಲಿಕೆ. ಅದೇ ಪದ್ಧತಿಯಲ್ಲಿ ಚಿಕಿತ್ಸಕರಿಗೂ ಒಂದು ಕಟ್ಟಳೆಯುಂಟು: ಯಾರೂ ಒಂಟಿಯಾಗಿ ಚಿಕಿತ್ಸೆ ನಡೆಸಕೂಡದು. ಚಿಕಿತ್ಸಕರೆಲ್ಲ ವಾರಕ್ಕೊಮ್ಮೆ ಒಟ್ಟಿಗೆ ಕೂತು ತಮ್ಮ ತಮ್ಮ ಕಳವಳವನ್ನು ಹೇಳಿಕೊಳ್ಳಬೇಕು.

ಈ ಕಳವಳದ ವಿಷಯದಲ್ಲಿ ತಂಗಿ ಹೇಳಿದ ಒಂದು ಮಾತನ್ನು ನಾನು ದಿನಚರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ರಾತ್ರಿ ಒಬ್ಬರ ನೆನಪು ಬಿಡದೆ ಕಾಡಿದರೆ ಅವಳು ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: "ಇವತ್ತು ಅವರ ಹತ್ತಿರ ನಾನು ಕೇಳದೆ ಬಿಟ್ಟದ್ದು ಏನು?" ಕೇಳದೆ ಬಿಟ್ಟದ್ದು ಏನಾದರೂ ಇದ್ದರೆ ಬೆಳಗಾಗುವುದನ್ನು ಕಾಯುವುದಿಲ್ಲ, ಫೋನು ಮಾಡುತ್ತಾಳೆ, ಮುಂದಿನ ಭೇಟಿಯನ್ನು ಹತ್ತಿರಕ್ಕೆ ತರುತ್ತಾಳೆ, ಅಪಾಯ ಹೆಚ್ಚೆಂದು ಕಂಡರೆ ಮನೆಯವರ ಮೂಲಕ ಆಸ್ಪತ್ರೆಗೆ ಸೇರಿಸುವ ಏರ್ಪಾಡು ಮಾಡುತ್ತಾಳೆ. ಕೇಳಬೇಕಾದುದನ್ನೆಲ್ಲ ಕೇಳಿದ್ದರೆ, ಬರೆಯಬೇಕಾದುದನ್ನೆಲ್ಲ ಬರೆದಿದ್ದರೆ, ಆ ಕಳವಳ ಅವಳದೇ. ಅದನ್ನು ಮರುದಿನ ಹಿರಿಯರ ಮುಂದಿಡುತ್ತಾಳೆ. ಕಳವಳವನ್ನು ಓಡಿಸುವುದೂ ಇಲ್ಲ, ಪೂಜಿಸುವುದೂ ಇಲ್ಲ. ಅದು ತಂದ ಸುದ್ದಿ ಏನೆಂದು ವಿಚಾರಿಸಿ ಕಳಿಸಿಕೊಡುತ್ತಾಳೆ.

ಗುಟ್ಟಿನ ಪ್ರಶ್ನೆಯೂ ಒಂದಿದೆ. ಚಿಕಿತ್ಸಕರ ಮುಂದೆ ಆಡಿದ ಮಾತು ಹೊರಗೆ ಹೋಗಕೂಡದೆಂಬುದು ವೃತ್ತಿಧರ್ಮ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅದನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ. ಆದರೆ ಜೀವಕ್ಕೆ ಅಪಾಯವೊದಗಿದಾಗ, ಅದನ್ನು ತಪ್ಪಿಸಲು ಎಷ್ಟು ಅಗತ್ಯವೋ ಅಷ್ಟನ್ನು ಮಾತ್ರ ತಿಳಿಸಲು ಆ ಕಾಯಿದೆಯಲ್ಲಿಯೇ ಅವಕಾಶವಿದೆ. ಈ ಎಲ್ಲೆಯನ್ನೂ ಮೊದಲ ದಿನವೇ ಹೇಳುವುದು ಸಂಪ್ರದಾಯ. 'ಯಾರಿಗೂ ಹೇಳುವುದಿಲ್ಲ' ಎಂದು ಆಣೆಯಿಟ್ಟು ಆಮೇಲೆ ಹೇಳುವುದಕ್ಕಿಂತ, 'ನಿಮ್ಮ ಪ್ರಾಣಕ್ಕೆ ಅಪಾಯವೆಂದು ಕಂಡರೆ ನಿಮಗೆ ತಿಳಿಸಿಯೇ ಮನೆಯವರಿಗೆ ಹೇಳುತ್ತೇನೆ' ಎನ್ನುವುದು ನೇರವಾದ ದಾರಿ. ಅದೇ ಕಾಯಿದೆ ಇನ್ನೊಂದು ಒಳ್ಳೆಯ ಕೆಲಸವನ್ನೂ ಮಾಡಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡಕ್ಕೆ ಸಿಕ್ಕಿದವರೆಂದು ಭಾವಿಸಬೇಕೇ ಹೊರತು ಅಪರಾಧಿಗಳೆಂದಲ್ಲ ಎಂದು ವಿಧಿಸಿತು. ಪೋಲೀಸರ ಹೆದರಿಕೆಯಿಂದ ಮನೆಯವರು ಬಾಯಿಮುಚ್ಚಿಕೊಳ್ಳುತ್ತಿದ್ದ ಕಾಲವನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಕೈಮೀರುತ್ತದೆ. ಜಗುಲಿಯ ಮೇಲೆ ಮಾತಾಡುತ್ತಿದ್ದಾಗ ತಂಗಿ ಬಹಳ ಹೊತ್ತು ಸುಮ್ಮನಿದ್ದು ಆ ವಿಷಯವನ್ನೂ ಹೇಳಿದಳು. ವೃತ್ತಿಗೆ ಬಂದ ನಾಲ್ಕನೆಯ ವರ್ಷ, ಮಂಗಳವಾರ ಬಂದು ನಗುತ್ತ ಹೋದ ಒಬ್ಬರು ಮುಂದಿನ ಮಂಗಳವಾರ ಬರಲಿಲ್ಲ. ಕೇಳಬೇಕಾದುದನ್ನೆಲ್ಲ ಕೇಳಿದ್ದಳು, ಹಾಳೆ ಬರೆಸಿದ್ದಳು, ಬುಧವಾರ ಫೋನು ಮಾಡಿದ್ದಳು. ಅವಳ ಹಿರಿಯರು ಕಡತವನ್ನು ಅವಳೊಡನೆ ಸಾಲುಸಾಲಾಗಿ ಓದಿದರು. ತಪ್ಪು ಹುಡುಕುವುದಕ್ಕಾಗಿ ಅಲ್ಲ, ಅವಳೊಬ್ಬಳೇ ಅದನ್ನು ಓದದಿರಲೆಂದು. ಆಮೇಲೆ ಅವಳು ಆ ಮನೆಗೆ ಹೋಗಿ ಬಂದಳು. ತಾಯಿ ಅವಳಿಗೆ ಕಾಫಿ ಕೊಟ್ಟರಂತೆ. "ಈಗಲೂ ಮಂಗಳವಾರ ಆ ಹೊತ್ತಿಗೆ ಬಾಗಿಲ ಕಡೆ ನೋಡುತ್ತೇನೆ ಅಣ್ಣಾ. ನೋಡಿ, ಮುಂದಿನವರನ್ನು ಒಳಗೆ ಕರೆಯುತ್ತೇನೆ" ಎಂದಳು. ನಾನು ಏನೂ ಹೇಳಲಿಲ್ಲ. ಒಳಗಿನಿಂದ ಚಿಕ್ಕಮ್ಮ ಊಟಕ್ಕೆ ಕರೆದರು.

ಅಧ್ಯಾಪಕರಾದ ನಾವು ಚಿಕಿತ್ಸಕರಲ್ಲ. ಆ ವೇಷ ಹಾಕಿಕೊಳ್ಳುವುದೂ ತಪ್ಪು. ಆದರೆ ವಿದ್ಯಾರ್ಥಿಯ ಬಾಯಿಂದ ಅಂಥ ಮಾತು ಮೊದಲು ಬೀಳುವುದು ಎಷ್ಟೋ ಸಲ ನಮ್ಮ ಮೇಜಿನ ಮುಂದೆಯೇ. ನಾವು ಮಾಡಬೇಕಾದುದು ಸ್ವಲ್ಪ: ಕೇಳುವುದು, ಒಂಟಿಯಾಗಿ ಬಿಡದಿರುವುದು, ಬಲ್ಲವರ ಕೈಗೆ ಮುಟ್ಟಿಸುವುದು, ಮುಟ್ಟಿಸಿದ ಮೇಲೂ ವಿಚಾರಿಸಿಕೊಳ್ಳುತ್ತಿರುವುದು. ನಾನು ತೊಳಲಾಡಿದ ಆ ರಾತ್ರಿ ಇಲ್ಲದಿದ್ದ ಒಂದು ಸಹಾಯವೂ ಈಗ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಮೊದಲುಮಾಡಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಸಂಕಟದಲ್ಲಿರುವವರು ಮಾತ್ರವಲ್ಲ, ಅವರ ಬಗ್ಗೆ ಕಳವಳಪಡುತ್ತಿರುವವರೂ ಕರೆಯಬಹುದು. ಆ ಸಂಖ್ಯೆಯನ್ನು ನಮ್ಮ ಕೊಠಡಿಯ ಗೋಡೆಯ ಮೇಲೆ ವೇಳಾಪಟ್ಟಿಯ ಪಕ್ಕದಲ್ಲಿ ಬರೆದು ಅಂಟಿಸಿದ್ದೇವೆ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಆ ವರ್ಷ ಅವನು ಎರಡು ಪತ್ರಿಕೆಗಳಲ್ಲಿ ತೇರ್ಗಡೆಯಾಗಲಿಲ್ಲ. ಮುಂದಿನ ವರ್ಷ ಆದ. ನಡುವೆ ಕೆಟ್ಟ ದಿನಗಳೂ ಬಂದುವು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಕೊಠಡಿಗೆ ಬಂದು, "ಸರ್, ಆ ಕಾದಂಬರಿ ಇದೆಯಾ?" ಎಂದು ಕೇಳಿದ. ಕಪಾಟಿನಿಂದ ತೆಗೆದುಕೊಟ್ಟೆ. ಬಸ್ಸಿನ ಟಿಕೆಟ್ಟು ಅವನಿಟ್ಟ ಪುಟದಲ್ಲಿಯೇ ಇತ್ತು; ನಾನು ಅದನ್ನು ಮುಟ್ಟಿರಲಿಲ್ಲ.

ಈಗಲೂ ಶನಿವಾರ ಮಧ್ಯಾಹ್ನ ಕಾಲೇಜು ಬಿಡುವ ಹೊತ್ತಿಗೆ ಯಾರದಾದರೂ ಮುಖ ಬಾಡಿದಂತೆ ಕಂಡರೆ ನಾನು 'ಸೋಮವಾರ ಬಾ' ಎನ್ನುವುದಿಲ್ಲ. ಕೂರಿಸಿ, ಕೇಳಬೇಕಾದುದನ್ನು ಕೇಳುತ್ತೇನೆ. ಭಾನುವಾರ ಮನೆಯಲ್ಲಿ ಜೊತೆಗೆ ಯಾರಿರುತ್ತಾರೆಂದು ವಿಚಾರಿಸುತ್ತೇನೆ. ಅಗತ್ಯವೆನಿಸಿದರೆ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಫೋನು ಮಾಡುವೆನೆಂದು ಹೇಳಿ, ಹತ್ತಕ್ಕೆ ಸರಿಯಾಗಿ ಮಾಡುತ್ತೇನೆ. ಅದಾದ ಮೇಲೆ ಸೋಮವಾರಕ್ಕಾಗಿ ಕಾಯುತ್ತೇನೆ. ಹಾಗೆ ಕಾಯುವಾಗ ನನಗೆ ನಿದ್ದೆ ಬರುತ್ತದೆ.